ಹೊರಗೆ ಹೋಗಲು ದಾರಿಯಿಲ್ಲದ ಕಬ್ಬಿಣ

ಕಬ್ಬಿಣಾಂಶ ಕಮ್ಮಿಯಾದರೆ ಏನು ಮಾಡಬೇಕು ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಜಾಸ್ತಿಯಾದರೆ ಏನು ಮಾಡಬೇಕು ಅಂತ ಕೇಳಿ ನೋಡಿ. "ಜಾಸ್ತಿ ಆದ್ರೆ ಒಳ್ಳೇದೇ ಅಲ್ವಾ?" ಅನ್ನುತ್ತಾರೆ. ನನ್ನ ರಕ್ತ ಪರೀಕ್ಷೆಯಲ್ಲಿ ಫೆರಿಟಿನ್, ಅಂದರೆ ಕಬ್ಬಿಣ ಕೂಡಿಡುವ ಪ್ರೋಟೀನ್, 610 ಅಂತ ಬಂದಾಗ ಮನೆಯಲ್ಲಿ ಕೇಳಿದ ಮೊದಲ ಮಾತೂ ಅದೇ. ಗಂಡಸರಿಗೆ ಸಾಮಾನ್ಯವಾಗಿ 300ರ ಒಳಗೆ, ಹೆಂಗಸರಿಗೆ 200ರ ಒಳಗೆ ಇರಬೇಕಾದ ಸಂಖ್ಯೆ ಅದು. ನನ್ನದು ಅದರ ಎರಡು ಪಟ್ಟು. ಆದರೆ ನನಗೆ ಸುಸ್ತಿಲ್ಲ, ನೋವಿಲ್ಲ, ಏನೂ ಇಲ್ಲ. ಹಾಗಾಗಿ ಈ ಸಂಖ್ಯೆಗೆ ಹೆದರಬೇಕೋ ಸುಮ್ಮನಿರಬೇಕೋ ಗೊತ್ತಾಗಲಿಲ್ಲ.

ಹೆಚ್ಚು ಕಡಿಮೆ ಅದೇ ಸಮಯಕ್ಕೆ ನನ್ನ ಜೊತೆ ಕೆಲಸ ಮಾಡುವ ಗೆಳೆಯನಿಗೂ ಫೆರಿಟಿನ್ ಜಾಸ್ತಿ ಬಂತು. ಅವನದು 870. ಅವನ ಅಜ್ಜ ಅಜ್ಜಿ ಐರ್ಲೆಂಡಿನವರು. ಈ ವಿವರ ಯಾಕೆ ಬೇಕು ಅಂತ ಮುಂದೆ ಹೇಳುತ್ತೇನೆ. ಎರಡೂ ರಿಪೋರ್ಟನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇಬ್ಬರಿಗೂ ಒಂದೇ ಕಾಯಿಲೆ, ಅವನಿಗೆ ಸ್ವಲ್ಪ ಮುಂದುವರಿದಿದೆ ಅನ್ನಿಸುತ್ತಿತ್ತು. ನಿಜ ಸಂಗತಿ ಬೇರೆಯೇ ಇತ್ತು. ಅವನ ಮೈಯಲ್ಲಿ ಕಬ್ಬಿಣ ನಿಜವಾಗಿಯೂ ಶೇಖರವಾಗುತ್ತಿತ್ತು. ನನ್ನ ಮೈಯಲ್ಲಿ ಶೇಖರವಾಗಿದ್ದದ್ದು ಕೊಬ್ಬು, ಅದೂ ಲಿವರಿನಲ್ಲಿ. ಒಂದೇ ಪರೀಕ್ಷೆ ಇಬ್ಬರ ವಿಷಯದಲ್ಲಿ ಎರಡು ಬೇರೆ ಮಾತು ಹೇಳುವುದು ಹೇಗೆ ಅಂತ ಕುತೂಹಲ ಹುಟ್ಟಿತು. ಓದುತ್ತಾ ಹೋದಂತೆ ಗೊತ್ತಾಗಿದ್ದು ಇಷ್ಟು: ನಮ್ಮ ದೇಹಕ್ಕೆ ಕಬ್ಬಿಣವನ್ನು ಹೊರಗೆ ಹಾಕುವುದು ಗೊತ್ತೇ ಇಲ್ಲ. ಅವನಿಗಿದ್ದ ಹಿಮೋಕ್ರೊಮಟೋಸಿಸ್ ಅನ್ನುವ ಕಾಯಿಲೆ, ಅದರ ಚಿಕಿತ್ಸೆ, ಪರೀಕ್ಷೆಯ ಗೊಂದಲ ಎಲ್ಲವೂ ಶುರುವಾಗುವುದು ಅಲ್ಲಿಂದಲೇ.

ಸ್ವಲ್ಪ ಲೆಕ್ಕ ನೋಡೋಣ. ದೊಡ್ಡವರ ಮೈಯಲ್ಲಿ ಒಟ್ಟು 3ರಿಂದ 4 ಗ್ರಾಂ ಕಬ್ಬಿಣ ಇರುತ್ತದೆ, ಅಷ್ಟೇ. ಅದರಲ್ಲಿ ಸುಮಾರು ಮೂರನೇ ಎರಡು ಪಾಲು ರಕ್ತದ ಹಿಮೋಗ್ಲೋಬಿನ್‌ನಲ್ಲೇ ಇರುತ್ತದೆ. ಹೊಸ ಕೆಂಪು ರಕ್ತಕಣ ತಯಾರಿಸಲು ಮೂಳೆಯೊಳಗಿನ ಮಜ್ಜೆಗೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಬೇಕು. ಆದರೆ ಊಟದಿಂದ ನಾವು ಹೀರಿಕೊಳ್ಳುವುದು ದಿನಕ್ಕೆ ಬರೀ 1ರಿಂದ 2 ಮಿಲಿಗ್ರಾಂ. ಉಳಿದದ್ದು ಎಲ್ಲಿಂದ? ಸುಮಾರು 120 ದಿನ ಬದುಕಿ ಹಳತಾದ ರಕ್ತಕಣಗಳನ್ನು ಗುಲ್ಮದಲ್ಲಿರುವ ಜೀವಕೋಶಗಳು ನುಂಗಿ ಒಡೆಯುತ್ತವೆ. ಒಳಗಿದ್ದ ಕಬ್ಬಿಣವನ್ನು ರಕ್ತಕ್ಕೆ ವಾಪಸ್ ಕೊಡುತ್ತವೆ. ಅದೇ ಕಬ್ಬಿಣ ಮತ್ತೆ ಮಜ್ಜೆಗೆ ಹೋಗುತ್ತದೆ, ಮತ್ತೆ ರಕ್ತಕಣವಾಗುತ್ತದೆ. ವರ್ಷಗಟ್ಟಲೆ ಅದೇ ಕಬ್ಬಿಣ ಸುತ್ತುತ್ತಲೇ ಇರುತ್ತದೆ.

ಹೊರಗೆ ಹೋಗುವುದೂ ದಿನಕ್ಕೆ 1ರಿಂದ 2 ಮಿಲಿಗ್ರಾಂ ಮಾತ್ರ. ಅದೂ ದೇಹ ಬೇಕು ಅಂತ ಹಾಕುವುದಲ್ಲ. ಕರುಳಿನ ಒಳಪದರದ ಕೋಶಗಳು ಉದುರುತ್ತವೆ, ಚರ್ಮ ಉದುರುತ್ತದೆ, ಎಲ್ಲೋ ಒಂಚೂರು ರಕ್ತ ಹೋಗುತ್ತದೆ, ಅದರ ಜೊತೆ ಕಬ್ಬಿಣವೂ ಹೋಗುತ್ತದೆ. ಉಪ್ಪು ಜಾಸ್ತಿಯಾದರೆ ಮೂತ್ರಪಿಂಡ ನೋಡಿಕೊಳ್ಳುತ್ತದೆ. ನೀರು ಜಾಸ್ತಿಯಾದರೂ ಅಷ್ಟೇ. ಕಬ್ಬಿಣ ಜಾಸ್ತಿಯಾದರೆ ನೋಡಿಕೊಳ್ಳುವವರು ಯಾರೂ ಇಲ್ಲ. ಹಾಗಾಗಿ ದೇಹದ ಹಿಡಿತ ಇರುವುದು ಒಳಗೆ ಬರುವ ಜಾಗದಲ್ಲಿ ಮಾತ್ರ.

ಆ ಜಾಗ ಕರುಳಿನ ಮೊದಲ ಭಾಗ. ಅಲ್ಲಿನ ಕೋಶಗಳು ಊಟದಲ್ಲಿರುವ ಕಬ್ಬಿಣವನ್ನು ಹೀರಿಕೊಂಡು ರಕ್ತದ ಕಡೆಗೆ ಬಿಡುತ್ತವೆ. ಬಿಡುವ ಬಾಗಿಲಿಗೆ ಫೆರೋಪೋರ್ಟಿನ್ ಅಂತ ಹೆಸರು, ಅದೊಂದು ಪ್ರೋಟೀನ್. ಗುಲ್ಮದ ಕೋಶಗಳಿಗೂ ಇದೇ ಬಾಗಿಲು. ಈ ಬಾಗಿಲನ್ನು ಮುಚ್ಚಿಸುವುದು ಹೆಪ್ಸಿಡಿನ್ ಅನ್ನುವ ಹಾರ್ಮೋನು. ತಯಾರಾಗುವುದು ಲಿವರಿನಲ್ಲಿ. ಬರೀ 25 ಅಮೈನೋ ಆಮ್ಲಗಳ ಪುಟ್ಟ ಸರಪಳಿ ಇದು. ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದೇ 2000ದ ಆಸುಪಾಸಿನಲ್ಲಿ. ಅಂದರೆ ಅದಕ್ಕೂ ಮೊದಲು ಓದಿ ಮುಗಿಸಿದ ಡಾಕ್ಟರುಗಳ ಪಠ್ಯಪುಸ್ತಕದಲ್ಲಿ ಕಬ್ಬಿಣದ ಕಥೆಯ ಮುಖ್ಯ ಪಾತ್ರವೇ ಇರಲಿಲ್ಲ! ಕಬ್ಬಿಣ ಸಾಕಷ್ಟಿದ್ದರೆ ಲಿವರು ಹೆಪ್ಸಿಡಿನ್ ಹೆಚ್ಚು ಬಿಡುತ್ತದೆ, ಬಾಗಿಲು ಮುಚ್ಚುತ್ತದೆ. ಕರುಳಿನ ಕೋಶದೊಳಗೆ ಸಿಕ್ಕಿಕೊಂಡ ಕಬ್ಬಿಣ ಕೆಲವೇ ದಿನಗಳಲ್ಲಿ ಆ ಕೋಶದ ಜೊತೆಗೇ ಉದುರಿ ಹೋಗುತ್ತದೆ. ಕಬ್ಬಿಣ ಕಮ್ಮಿಯಾದರೆ ಹೆಪ್ಸಿಡಿನ್ ಇಳಿಯುತ್ತದೆ, ಬಾಗಿಲು ತೆರೆಯುತ್ತದೆ.

ಹುಟ್ಟಿನಿಂದ ಬರುವ ಕಬ್ಬಿಣದ ಕಾಯಿಲೆ, ಅಂದರೆ ಹಿಮೋಕ್ರೊಮಟೋಸಿಸ್, ಇರುವವರಲ್ಲಿ ಲಿವರಿಗೆ ಕಬ್ಬಿಣ ಸಾಕಷ್ಟಿದೆ ಅನ್ನುವ ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ. ಮೈತುಂಬ ಕಬ್ಬಿಣ ಇದ್ದರೂ ಹೆಪ್ಸಿಡಿನ್ ಇರಬೇಕಾದಷ್ಟು ಇರುವುದಿಲ್ಲ. ಬಾಗಿಲು ತೆರೆದೇ ಇರುತ್ತದೆ. ದಿನಕ್ಕೆ 2 ಮಿಲಿಗ್ರಾಂ ಹೆಚ್ಚು ಒಳಗೆ ಬಂತು ಅಂತ ಇಟ್ಟುಕೊಳ್ಳಿ. ಏನೂ ಅಲ್ಲ ಅನ್ನಿಸುತ್ತದೆ. ಆದರೆ ವರ್ಷಕ್ಕೆ ಅದು 730 ಮಿಲಿಗ್ರಾಂ. 20 ವರ್ಷಕ್ಕೆ 14 ಗ್ರಾಂಗೂ ಮೇಲೆ. ಒಟ್ಟು 4 ಗ್ರಾಂ ಇರಬೇಕಾದ ದೇಹದಲ್ಲಿ! ಈ ಕಾಯಿಲೆ ಸಾಮಾನ್ಯವಾಗಿ ನಲವತ್ತು ದಾಟಿದ ಮೇಲೆ ಕಾಣಿಸಿಕೊಳ್ಳುವುದು ಇದಕ್ಕೇ. ಹುಟ್ಟಿದಾಗಿನಿಂದ ಬಾಗಿಲು ತೆರೆದಿದ್ದರೂ ತುಂಬಲು ಅಷ್ಟು ಕಾಲ ಬೇಕು.

ಹೆಂಗಸರಲ್ಲಿ ಇನ್ನೂ ತಡ. ಮುಟ್ಟಿನಲ್ಲಿ ತಿಂಗಳು ತಿಂಗಳೂ ಕಬ್ಬಿಣ ಹೊರಗೆ ಹೋಗುತ್ತಿರುತ್ತದೆ. ಒಂದು ಬಸಿರು ಬಾಣಂತನಕ್ಕೆ ಹೆಚ್ಚು ಕಡಿಮೆ 1 ಗ್ರಾಂ ಖರ್ಚಾಗುತ್ತದೆ. ಹಾಗಾಗಿ ಎಷ್ಟೋ ಹೆಂಗಸರಿಗೆ ಮುಟ್ಟು ನಿಂತ ಮೇಲೆಯೇ ಸಂಖ್ಯೆ ಏರಲು ಶುರು.

ರಕ್ತದಲ್ಲಿ ಕಬ್ಬಿಣ ಒಂಟಿಯಾಗಿ ಓಡಾಡುವಂತಿಲ್ಲ. ಟ್ರಾನ್ಸ್‌ಫೆರಿನ್ ಅನ್ನುವ ಪ್ರೋಟೀನು ಅದನ್ನು ಹೊತ್ತು ತಿರುಗುತ್ತದೆ. ಒಂದು ಟ್ರಾನ್ಸ್‌ಫೆರಿನ್ ಹೊರುವುದು ಎರಡು ಕಬ್ಬಿಣದ ಪರಮಾಣು. ಕೋಶಗಳೊಳಗೆ ಕಬ್ಬಿಣವನ್ನು ಕೂಡಿಡುವುದು ಫೆರಿಟಿನ್. ಇದು ದೊಡ್ಡದು, ಒಳಗೆ ಟೊಳ್ಳು, ಸುಮಾರು 4,500 ಪರಮಾಣು ಹಿಡಿಸುತ್ತದೆ. ಇಷ್ಟೆಲ್ಲ ಜೋಪಾನ ಯಾಕೆ ಅಂದರೆ ಕಟ್ಟಿಲ್ಲದ ಕಬ್ಬಿಣ ವಿಷ. ಅದು ಕೋಶದೊಳಗೆ ಸಿಕ್ಕಿದ್ದನ್ನೆಲ್ಲ ಸುಡುವಂಥ ರಾಸಾಯನಿಕ ಚೂರುಗಳನ್ನು ಹುಟ್ಟಿಸುತ್ತದೆ. ಹೊರುವ ಟ್ರಾನ್ಸ್‌ಫೆರಿನ್ ತುಂಬಿಹೋದಾಗ ಉಳಿದ ಕಬ್ಬಿಣ ಲಿವರು, ಮೇದೋಜೀರಕ ಗ್ರಂಥಿ, ಹೃದಯ, ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಗಳಿಗೆ ನುಗ್ಗುತ್ತದೆ. ಕೀಲುಗಳೂ ಕೆಡುತ್ತವೆ. ಲಿವರು ಗಟ್ಟಿಯಾಗುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ಹೃದಯದ ಬಡಿತ ತಪ್ಪುತ್ತದೆ, ಲೈಂಗಿಕ ಆಸಕ್ತಿ ಇಳಿಯುತ್ತದೆ, ಚರ್ಮ ಕಂಚಿನ ಬಣ್ಣಕ್ಕೆ ತಿರುಗುತ್ತದೆ.

ಫ್ರಾನ್ಸಿನ ವೈದ್ಯ ಅರ್ಮಾಂ ಟ್ರೂಸೋ 1865ರಲ್ಲಿ ವರ್ಣಿಸಿದ್ದು ಇಂಥ ಕೊನೆಯ ಹಂತದ ರೋಗಿಯನ್ನೇ. ಸಕ್ಕರೆ ಕಾಯಿಲೆ, ಕಂಚಿನ ಬಣ್ಣದ ಚರ್ಮ, ಗಟ್ಟಿಯಾದ ಲಿವರು. ಅದಕ್ಕೆ ಈಗಿನ ಹೆಸರಿಟ್ಟವರು ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸನ್, 1889ರಲ್ಲಿ. ಇದು ವಂಶದಲ್ಲಿ ಬರುವ ಕಾಯಿಲೆ ಅಂತ ಇಂಗ್ಲೆಂಡಿನ ಜೋಸೆಫ್ ಶೆಲ್ಡನ್ 1935ರಲ್ಲಿ ಗಟ್ಟಿಯಾಗಿ ವಾದಿಸಿದರು. ಕುಡಿತವೇ ಕಾರಣ ಅಂತ ನಂಬಿದವರು ಅದಾದ ಮೇಲೂ ಬಹಳ ಜನ ಇದ್ದರು. ಕೊನೆಗೆ 1996ರಲ್ಲಿ 6ನೇ ವರ್ಣತಂತುವಿನಲ್ಲಿ ಜೀನ್ ಸಿಕ್ಕಿತು. ಅದರ ಹೆಸರು ಎಚ್‌ಎಫ್‌ಇ.

ಈಗ ಇಷ್ಟು ಮುಂದುವರಿದ ಸ್ಥಿತಿಯಲ್ಲಿ ಡಾಕ್ಟರ ಹತ್ತಿರ ಬರುವವರು ಕಮ್ಮಿ. ಸುಸ್ತು, ಕೀಲುನೋವು, ಮನಸ್ಸಿಗೆ ಬೇಜಾರು ಅಂತ ಬರುವವರೇ ಜಾಸ್ತಿ. ಕಷ್ಟ ಇರುವುದೂ ಇಲ್ಲೇ. ಸುಸ್ತು ಯಾರಿಗಿಲ್ಲ ಹೇಳಿ? ನನ್ನ ಗೆಳೆಯನಿಗೆ ಮೊದಲು ನೋವು ಬಂದದ್ದು ಬಲಗೈಯ ತೋರುಬೆರಳು ಮತ್ತು ನಡುಬೆರಳಿನ ಬುಡದ ಗೆಣ್ಣುಗಳಲ್ಲಿ. ಬಾಟಲಿಯ ಮುಚ್ಚಳ ತಿರುಗಿಸಲು ಪಕ್ಕದವರಿಗೆ ಕೊಡುತ್ತಿದ್ದ. ಹೊಸಬರು ಕೈಕುಲುಕಲು ಬಂದರೆ ಎಡಗೈ ಚಾಚುತ್ತಿದ್ದ. ಕಂಪ್ಯೂಟರಿನ ಮುಂದೆ ಕೂತು ಕೂತು ಹೀಗಾಗಿದೆ ಅಂತ ಒಬ್ಬರು, ವಯಸ್ಸಾಯಿತು ಅಂತ ಇನ್ನೊಬ್ಬರು. ನೋವಿನ ಮಾತ್ರೆಯಲ್ಲೇ ವರ್ಷಗಳು ಕಳೆದವು. ಸಾಮಾನ್ಯ ಕೀಲುಸವೆತ ಬೆರಳ ತುದಿಯ ಗೆಣ್ಣು, ಹೆಬ್ಬೆರಳಿನ ಬುಡ ಇಂಥ ಕಡೆ ಜಾಸ್ತಿ. ಈ ಎರಡು ಗೆಣ್ಣುಗಳಲ್ಲೇ ನೋವು ಕೂತಿದ್ದರೆ ಕಬ್ಬಿಣ ನೋಡಬೇಕು ಅನ್ನುವುದು ವೈದ್ಯಪುಸ್ತಕದಲ್ಲಿ ಹಳೆಯ ಮಾತು. ಆದರೆ ಯಾರೋ ಒಬ್ಬರಿಗೆ ಅದು ನೆನಪಾಗಬೇಕಲ್ಲ. ಅವನ ಅದೃಷ್ಟ, ಒಬ್ಬ ಕಿರಿಯ ಡಾಕ್ಟರಿಗೆ ನೆನಪಾಯಿತು. ಕೈ ನೋಡಿದವರೇ "ನಿಮ್ಮ ಮನೆತನ ಯಾವ ಕಡೆಯದು?" ಅಂತ ಕೇಳಿದರಂತೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸುಸ್ತು ಅಂದ ಕೂಡಲೇ ಪರೀಕ್ಷೆ ಇಲ್ಲದೆ ಕಬ್ಬಿಣದ ಮಾತ್ರೆ ನುಂಗುವ ಅಭ್ಯಾಸ ಕಂಡರೆ ನನಗೆ ಸಿಟ್ಟು ಬರುತ್ತದೆ. ಕಬ್ಬಿಣ ಕಮ್ಮಿಯಾದರೂ ಸುಸ್ತು, ಜಾಸ್ತಿಯಾದರೂ ಸುಸ್ತು. ಒಳಗೆ ಹೋದದ್ದು ಸುಮ್ನೆ ಹೊರಗೆ ಬರುವುದಿಲ್ಲ. ರಕ್ತಹೀನತೆ ಇದ್ದವರಿಗೆ ಆ ಮಾತ್ರೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಪರೀಕ್ಷೆ ಮಾಡಿ ನೋಡಿಕೊಂಡು ತಿನ್ನುವ ಔಷಧಿ.

ಈಗ ನನ್ನ 610ಕ್ಕೆ ಬರೋಣ. ಫೆರಿಟಿನ್ ಅಂದರೆ ಕಬ್ಬಿಣ ಕೂಡಿಡುವ ಪ್ರೋಟೀನ್ ಅಂದೆ. ರಕ್ತದಲ್ಲಿ ಅದರ ಪ್ರಮಾಣ ಕಮ್ಮಿಯಿದ್ದರೆ ಕಬ್ಬಿಣದ ದಾಸ್ತಾನು ಖಾಲಿ ಅಂತಲೇ ಅರ್ಥ. ಆ ಕಡೆಯ ಲೆಕ್ಕ ಬಹಳ ನಂಬಿಕಸ್ಥ. ಜಾಸ್ತಿಯಿದ್ದರೆ ಮಾತ್ರ ಅಷ್ಟು ಸುಲಭವಾಗಿ ನಂಬುವಂತಿಲ್ಲ. ಲಿವರಿನ ಕೋಶ ಕೆಟ್ಟರೆ ಒಳಗಿನ ಫೆರಿಟಿನ್ ಹೊರಗೆ ಸೋರುತ್ತದೆ. ಸೋಂಕು, ಉರಿಯೂತ, ಕೀಲುವಾತ, ಕುಡಿತ, ಬೊಜ್ಜು, ಸಕ್ಕರೆ ಕಾಯಿಲೆ, ಕೆಲವು ಕ್ಯಾನ್ಸರ್, ಎಲ್ಲದರಲ್ಲೂ ಅದು ಏರುತ್ತದೆ. ಫೆರಿಟಿನ್ ಜಾಸ್ತಿ ಬಂದವರಲ್ಲಿ ಬಹುಪಾಲು ಜನರಿಗೆ ನಿಜವಾದ ಕಬ್ಬಿಣದ ಹೊರೆ ಇರುವುದೇ ಇಲ್ಲ.

ಹಾಗಾದರೆ ಎರಡನ್ನೂ ಬೇರೆ ಮಾಡುವುದು ಹೇಗೆ? ರಿಪೋರ್ಟಿನಲ್ಲಿ ಇನ್ನೊಂದು ಸಾಲು ಇರುತ್ತದೆ, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್. ರಕ್ತದಲ್ಲಿರುವ ಕಬ್ಬಿಣವನ್ನು ರಕ್ತ ಒಟ್ಟು ಹೊರಬಲ್ಲ ಕಬ್ಬಿಣದಿಂದ ಭಾಗಿಸಿ ಶೇಕಡಾವಾರು ಹೇಳುವ ಲೆಕ್ಕ ಅದು. ಸಾಮಾನ್ಯವಾಗಿ ಶೇ 20ರಿಂದ 45ರ ನಡುವೆ ಇರುತ್ತದೆ. ನನ್ನದು ಶೇ 27. ಗೆಳೆಯನದು ಶೇ 82. ಫೆರಿಟಿನ್ ಸಾಲಿನಲ್ಲಿ ನಾವಿಬ್ಬರೂ ಅಣ್ಣತಮ್ಮಂದಿರ ಹಾಗೆ ಕಾಣುತ್ತಿದ್ದೆವು. ಈ ಸಾಲಿನಲ್ಲಿ ಸಂಬಂಧವೇ ಇಲ್ಲ.

ಇದರ ಹಿಂದಿನ ಕಾರಣ ನನಗೆ ಬಹಳ ಇಷ್ಟವಾಯಿತು. ಬ್ಯಾಕ್ಟೀರಿಯಾಗಳಿಗೂ ಬೆಳೆಯಲು ಕಬ್ಬಿಣ ಬೇಕು. ಹಾಗಾಗಿ ಮೈಯಲ್ಲಿ ಉರಿಯೂತ ಎದ್ದಾಗ ದೇಹ ಕಬ್ಬಿಣವನ್ನು ಬಚ್ಚಿಡುತ್ತದೆ. ಹೆಪ್ಸಿಡಿನ್ ಏರುತ್ತದೆ, ಬಾಗಿಲುಗಳು ಮುಚ್ಚುತ್ತವೆ, ರಕ್ತದಲ್ಲಿ ಓಡಾಡುವ ಕಬ್ಬಿಣ ಇಳಿಯುತ್ತದೆ, ಫೆರಿಟಿನ್ ಏರುತ್ತದೆ. ಅಂದರೆ ಉರಿಯೂತದಲ್ಲಿ ಫೆರಿಟಿನ್ ಮೇಲೆ ಹೋದರೂ ಸ್ಯಾಚುರೇಶನ್ ಮೇಲೆ ಹೋಗುವುದಿಲ್ಲ, ಎಷ್ಟೋ ಸಲ ಕೆಳಗೇ ಇಳಿಯುತ್ತದೆ. ಹುಟ್ಟಿನಿಂದ ಬಂದ ಕಾಯಿಲೆಯಲ್ಲಿ ಬಾಗಿಲು ಸದಾ ತೆರೆದೇ ಇರುವುದರಿಂದ ಮೊದಲು ಏರುವುದೇ ಸ್ಯಾಚುರೇಶನ್. ಫೆರಿಟಿನ್ ಏರುವುದು ಆಮೇಲೆ, ದಾಸ್ತಾನು ತುಂಬುತ್ತಾ ಬಂದಂತೆ. ಹಾಗಾಗಿ ಶೇ 45 ದಾಟಿದ ಸ್ಯಾಚುರೇಶನ್ ಕಂಡರೆ ಇನ್ನೊಮ್ಮೆ ಪರೀಕ್ಷೆ ಮಾಡಿಸುತ್ತಾರೆ. ಊಟ, ಮಾತ್ರೆ, ದಿನದ ಹೊತ್ತು ಇವುಗಳಿಂದಲೂ ಅದು ಆಚೀಚೆ ಆಗುತ್ತದೆ. ಎರಡನೇ ಸಲವೂ ಹೆಚ್ಚೇ ಬಂದರೆ ಜೀನ್ ಪರೀಕ್ಷೆ.

ಬರೀ ಫೆರಿಟಿನ್ ಮಾಡಿಸಿ ರೋಗಿಯ ಕೈಗೆ ಕೊಟ್ಟು ಕಳಿಸುವ ಹೆಲ್ತ್ ಚೆಕಪ್ ಪ್ಯಾಕೇಜುಗಳ ಬಗ್ಗೆ ನನ್ನ ತಕರಾರು ಇದೇ. ಪಕ್ಕದಲ್ಲಿ ಸ್ಯಾಚುರೇಶನ್ ಇಲ್ಲದಿದ್ದರೆ ಆ ಸಂಖ್ಯೆ ಹೆದರಿಸಬಲ್ಲದು, ವಿವರಿಸಲಾರದು. ನನಗೂ ಮೊದಲು ಕೈಗೆ ಬಂದದ್ದು ಬರೀ ಫೆರಿಟಿನ್. ಅದನ್ನು ಇಟ್ಟುಕೊಂಡು ರಾತ್ರಿಯೆಲ್ಲ ಫೋನಿನಲ್ಲಿ ಹುಡುಕಿದ್ದೇ ಹುಡುಕಿದ್ದು. ಉಳಿದ ಪರೀಕ್ಷೆ ಆದ ಮೇಲೆ, ಸ್ಕ್ಯಾನಿನಲ್ಲಿ ಲಿವರಿನ ಕೊಬ್ಬು ಕಂಡ ಮೇಲೆ, ಡಾಕ್ಟರು ಕಬ್ಬಿಣದ ಮಾತು ಬಿಟ್ಟು ತೂಕದ ಮಾತಿಗೆ ಬಂದರು. ತೂಕ ಸ್ವಲ್ಪ ಇಳಿಸಿದ ಮೇಲೆ ಫೆರಿಟಿನ್ 380ಕ್ಕೆ ಬಂತು. ಇನ್ನೂ ಇಳಿಯಬೇಕು. ತೂಕವೂ!

ಗೆಳೆಯನಿಗೆ ಜೀನ್ ಪರೀಕ್ಷೆ ಮಾಡಿಸಿದರು. ಸಿ282ವೈ ಅನ್ನುವ ಬದಲಾವಣೆಯ ಎರಡು ಪ್ರತಿ ಇತ್ತು, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಎಚ್‌ಎಫ್‌ಇ ಪ್ರೋಟೀನಿನ 282ನೇ ಜಾಗದಲ್ಲಿ ಸಿಸ್ಟೀನ್ ಇರಬೇಕಾದ ಕಡೆ ಟೈರೋಸಿನ್ ಬಂದು ಕೂರುತ್ತದೆ, ಅಷ್ಟೇ ವ್ಯತ್ಯಾಸ. ಇದು ಉತ್ತರ ಯೂರೋಪಿನ ಮೂಲದವರಲ್ಲಿ ಬಹಳ ಹೆಚ್ಚು. ಐರ್ಲೆಂಡಿನಲ್ಲಂತೂ ಸುಮಾರು 83 ಜನರಲ್ಲಿ ಒಬ್ಬರಿಗೆ ಎರಡು ಪ್ರತಿ, ಐವರಲ್ಲಿ ಒಬ್ಬರಿಗೆ ಒಂದು ಪ್ರತಿ ಇರುತ್ತದೆ. ಅಲ್ಲಿ ಇದು ಹೊಸದೂ ಅಲ್ಲ. ಉತ್ತರ ಐರ್ಲೆಂಡಿನ ಕರಾವಳಿಯಾಚೆ ಇರುವ ರಾತ್ಲಿನ್ ದ್ವೀಪದಲ್ಲಿ ಸುಮಾರು 4,000 ವರ್ಷ ಹಿಂದೆ ಬದುಕಿದ್ದ ಒಬ್ಬ ಗಂಡಸಿನ ಮೂಳೆಯ ಡಿಎನ್‌ಎಯಲ್ಲಿ ಸಿ282ವೈ ಸಿಕ್ಕಿದೆ. ಬೆಲ್‌ಫಾಸ್ಟ್ ಹತ್ತಿರ ಸಿಕ್ಕ ಇನ್ನೂ ಹಳೆಯ, 5,000 ವರ್ಷಕ್ಕೂ ಹಿಂದಿನ ಒಬ್ಬ ಹೆಂಗಸಿನ ಡಿಎನ್‌ಎಯಲ್ಲಿ ಎಚ್63ಡಿ ಅನ್ನುವ ಇನ್ನೊಂದು ಬದಲಾವಣೆ ಇತ್ತು. ಎಚ್63ಡಿ ಜಗತ್ತಿನ ಎಷ್ಟೋ ಕಡೆ ಇದೆ. ಅದೊಂದೇ ಇದ್ದರೆ ಕಬ್ಬಿಣ ಅಪಾಯಕಾರಿಯಾಗಿ ತುಂಬಿಕೊಳ್ಳುವುದು ಅಪರೂಪ.

ಉತ್ತರ ಯೂರೋಪಿನ ಮೂಲ ಇಲ್ಲದವರಲ್ಲಿ ಸಿ282ವೈ ತೀರ ವಿರಳ. ಹಾಗಂತ ಉಳಿದವರಿಗೆ ಈ ತೊಂದರೆಯೇ ಇಲ್ಲ ಅಂತಲ್ಲ. ಹೆಪ್ಸಿಡಿನ್ ತಯಾರಿಸುವ ಜೀನೋ, ಹಿಮೋಜುವೆಲಿನ್ ಅನ್ನುವ ಜೀನೋ ಕೆಟ್ಟರೆ ಹದಿಹರೆಯ, ಇಪ್ಪತ್ತರ ವಯಸ್ಸಿನಲ್ಲೇ ಹೃದಯ ಸೋಲುವಷ್ಟು ಕಬ್ಬಿಣ ತುಂಬಬಹುದು. ಇದು ಯಾವ ಜನಾಂಗದಲ್ಲೂ ಬರಬಹುದು, ಆದರೆ ಬಹಳ ಅಪರೂಪ. ಅದಕ್ಕಿಂತ ಹೆಚ್ಚಾಗಿ ಕಾಣುವುದು ಥಲಸ್ಸೀಮಿಯಾದಂಥ ರಕ್ತದ ಕಾಯಿಲೆಯಲ್ಲಿ. ಪದೇ ಪದೇ ರಕ್ತ ಕೊಡಬೇಕು, ಒಂದೊಂದು ಯೂನಿಟ್ ರಕ್ತದ ಜೊತೆ 200ರಿಂದ 250 ಮಿಲಿಗ್ರಾಂ ಕಬ್ಬಿಣವೂ ಮೈಗೆ ಹೋಗುತ್ತದೆ. ರಕ್ತವೇ ಕಮ್ಮಿ ಇರುವ ಅವರಿಂದ ರಕ್ತ ತೆಗೆಯುವಂತಿಲ್ಲ. ಅವರಿಗೆ ಕಬ್ಬಿಣವನ್ನು ಹಿಡಿದು ಹೊರಗೆ ಸಾಗಿಸುವ ಡೆಫೆರಾಸಿರಾಕ್ಸ್‌ನಂಥ ಔಷಧಿಯೇ ಗತಿ.

ಎರಡು ಪ್ರತಿ ಇದ್ದವರಿಗೆಲ್ಲ ಕಾಯಿಲೆ ಬಂದೇ ಬರುತ್ತದೆಯೇ? ಇಲ್ಲ. ಆಸ್ಟ್ರೇಲಿಯಾದಲ್ಲಿ 31 ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಸಿ282ವೈ ಎರಡು ಪ್ರತಿ ಇದ್ದ ಗಂಡಸರಲ್ಲಿ ಸುಮಾರು ಶೇ 28 ಜನರಿಗೆ ಕಬ್ಬಿಣದಿಂದ ಕಾಯಿಲೆ ಆಗಿತ್ತು, ಹೆಂಗಸರಲ್ಲಿ ಶೇ 1ರ ಆಸುಪಾಸು ಮಾತ್ರ. ಕುಡಿತ, ಬೊಜ್ಜು, ಬೇರೆ ಲಿವರ್ ತೊಂದರೆ ಇದ್ದರೆ ಅಪಾಯ ಜಾಸ್ತಿ. ರಕ್ತದಾನ ಮಾಡುತ್ತಾ ಬಂದವರಿಗೆ ಕಮ್ಮಿ. ಹಾಗಾಗಿ ಜೀನ್ ರಿಪೋರ್ಟ್ ಒಂದನ್ನೇ ಹಿಡಿದುಕೊಂಡು ಕೂರುವುದೂ ಸರಿಯಲ್ಲ ಅನ್ನಿಸುತ್ತದೆ. ಅದು ಎಚ್ಚರಿಕೆ, ತೀರ್ಪಲ್ಲ. ಮೈಯಲ್ಲಿ ನಿಜವಾಗಿ ಎಷ್ಟು ಕಬ್ಬಿಣ ಇದೆ ಅಂತ ನೋಡಲು ಈಗ ಎಂಆರ್‌ಐ ಇದೆ. ಹಿಂದೆ ಸೂಜಿ ಹಾಕಿ ಲಿವರಿನ ಚೂರು ತೆಗೆಯಬೇಕಿತ್ತು. ಫೆರಿಟಿನ್ 1,000 ದಾಟಿದವರಲ್ಲಿ ಲಿವರು ಗಟ್ಟಿಯಾಗಿರುವ ಸಾಧ್ಯತೆ ಹೆಚ್ಚು, ಆದ್ದರಿಂದ ಅವರ ಲಿವರನ್ನು ವಿಶೇಷವಾಗಿ ಪರೀಕ್ಷಿಸುತ್ತಾರೆ. ಗೆಳೆಯ ಆ ಗೆರೆಯ ಈಚೆಗೇ ಇದ್ದ.

ಚಿಕಿತ್ಸೆ ಏನು ಗೊತ್ತಾ? ರಕ್ತ ತೆಗೆಯುವುದು. ಜ್ವರಕ್ಕೂ ತಲೆನೋವಿಗೂ ರಕ್ತ ತೆಗೆದು ಜನರನ್ನು ಕೊಂದ ಹಳೆಯ ವೈದ್ಯಕ್ಕೆ ಸರಿಯಾದ ಕಾಯಿಲೆ ಸಿಕ್ಕಿದ್ದು 20ನೇ ಶತಮಾನದ ಮಧ್ಯದಲ್ಲಿ. ಒಂದು ಸಲಕ್ಕೆ 450ರಿಂದ 500 ಮಿಲಿಲೀಟರ್. ಅದರ ಜೊತೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೊರಗೆ. ಶುರುವಿನಲ್ಲಿ ವಾರಕ್ಕೊಮ್ಮೆ, ಫೆರಿಟಿನ್ 50ರ ಆಸುಪಾಸಿಗೆ ಇಳಿಯುವ ತನಕ. ಆಮೇಲೆ ವರ್ಷಕ್ಕೆ ಎರಡರಿಂದ ನಾಲ್ಕು ಸಲ, ಜೀವನಪೂರ್ತಿ.

ಒಮ್ಮೆ ಅವನ ಜೊತೆ ಹೋಗಿದ್ದೆ. ಮೊದಲು ಬೆರಳಿಗೆ ಚುಚ್ಚಿ ಹಿಮೋಗ್ಲೋಬಿನ್ ನೋಡಿದರು. ಅದು ಕಮ್ಮಿ ಇದ್ದರೆ ಆ ವಾರ ರಕ್ತ ತೆಗೆಯುವುದಿಲ್ಲ. ಆಮೇಲೆ ಒರಗು ಕುರ್ಚಿ, ತೋಳಿಗೆ ಪಟ್ಟಿ. ಸಾಮಾನ್ಯ ರಕ್ತಪರೀಕ್ಷೆಯ ಸೂಜಿಗಿಂತ ಎಷ್ಟೋ ದಪ್ಪದ ಸೂಜಿ. ಅವನು ಆ ಕಡೆ ಮುಖ ತಿರುಗಿಸಿಕೊಂಡ, ನಾನು ನೋಡಿದೆ. ಕೈಯಲ್ಲಿ ಮೆತ್ತನೆಯ ಚೆಂಡು ಕೊಟ್ಟು ಅದುಮುತ್ತಿರಿ ಅಂದರು. ನೋವಿರುವ ಗೆಣ್ಣಿನ ಕೈ ಬೇಡ ಅಂತ ಎಡಗೈಯನ್ನೇ ಕೊಟ್ಟಿದ್ದ. ಕೆಳಗೆ ತಕ್ಕಡಿಯ ಮೇಲೆ ಪ್ಲಾಸ್ಟಿಕ್ ಚೀಲ ಮೆಲ್ಲಗೆ ಆಚೀಚೆ ತೂಗುತ್ತಿತ್ತು. ಕೊಳವೆಯಲ್ಲಿ ರಕ್ತ ಬಹಳ ಕಡುಕೆಂಪಾಗಿ ಕಾಣುತ್ತಿತ್ತು. ಹತ್ತು ನಿಮಿಷಕ್ಕೆಲ್ಲ ಮುಗಿಯಿತು. ನರ್ಸಮ್ಮ ಚೀಲವನ್ನು ಕಟ್ಟಿ ಪಕ್ಕಕ್ಕಿಡುವಾಗ "ಮುಟ್ಟಿ ನೋಡ್ತೀರಾ?" ಅಂದರು. ಬೆಚ್ಚಗಿತ್ತು. ಆ ಚೀಲ ಬೇರೆ ಯಾರಿಗಾದರೂ ಉಪಯೋಗವಾಗುತ್ತಾ ಅಂತ ಕೇಳಿದೆ. ಬೇರೆ ಅಡ್ಡಿ ಇಲ್ಲದಿದ್ದರೆ ಆಗುತ್ತದೆ, ಈ ರಕ್ತದಲ್ಲಿ ದೋಷವೇನಿಲ್ಲ, ಎಷ್ಟೋ ದೇಶಗಳಲ್ಲಿ ರಕ್ತನಿಧಿಗಳು ತೆಗೆದುಕೊಳ್ಳುತ್ತವೆ ಅಂದರು.

ಲಿವರಿನಲ್ಲಿ ಕೂತ ಕಬ್ಬಿಣಕ್ಕೂ ತೋಳಿನಿಂದ ತೆಗೆದ ರಕ್ತಕ್ಕೂ ಏನು ಸಂಬಂಧ ಅಂತ ನನಗೆ ಮೊದಲು ಹೊಳೆದಿರಲಿಲ್ಲ. ರಕ್ತ ಹೋದ ಕೂಡಲೇ ಮಜ್ಜೆ ಹೊಸ ರಕ್ತಕಣ ಮಾಡಲು ಕೂರುತ್ತದೆ. ಅದಕ್ಕೆ ಕಬ್ಬಿಣ ಬೇಕು. ದಾಸ್ತಾನಿನಿಂದ, ಅಂದರೆ ಲಿವರಿನಿಂದ, ಎಳೆದುಕೊಳ್ಳುತ್ತದೆ. ಮುಂದಿನ ವಾರ ಆ ರಕ್ತವನ್ನೂ ತೆಗೆಯುತ್ತಾರೆ. ಹೀಗೆ ರಕ್ತಕಣದ ಒಳಗೆ ಕೂರಿಸಿ ಕೂರಿಸಿ ಕಬ್ಬಿಣವನ್ನು ಹೊರಗೆ ಕಳಿಸುವುದು. ದೇಹ ತಾನಾಗಿ ಮಾಡಲಾರದ ಕೆಲಸವನ್ನು ಸೂಜಿಯಿಂದ ಮಾಡಿಸುವ ಈ ಉಪಾಯದಷ್ಟು ಸರಳವಾದ, ಜಾಣತನದ ಚಿಕಿತ್ಸೆ ಇನ್ನೊಂದನ್ನು ನಾನು ಕೇಳಿಲ್ಲ.

ಊಟದ ಪಥ್ಯ ಏನು ಅನ್ನುವುದು ಎಲ್ಲರ ಮೊದಲ ಪ್ರಶ್ನೆ. ಕಬ್ಬಿಣದ ಮಾತ್ರೆ ಬೇಡ, ವಿಟಮಿನ್ ಸಿ ಮಾತ್ರೆ ಬೇಡ (ಅದು ಕಬ್ಬಿಣ ಹೀರುವುದನ್ನು ಹೆಚ್ಚಿಸುತ್ತದೆ), ಕುಡಿತ ಕಮ್ಮಿ, ಲಿವರು ಕೆಟ್ಟಿದ್ದರೆ ಪೂರ್ತಿ ಬಂದ್. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣ ಹೀರುವುದು ಸ್ವಲ್ಪ ತಗ್ಗುತ್ತದೆ. ಆದರೆ ಪಥ್ಯ ಮಾಡಿ ದಿನಕ್ಕೆ 1 ಮಿಲಿಗ್ರಾಂ ಉಳಿಸಿದರೂ ಒಂದು ಚೀಲ ರಕ್ತದಷ್ಟಾಗಲು ಏಳೆಂಟು ತಿಂಗಳು ಬೇಕು. ತರಕಾರಿಯ ಕಬ್ಬಿಣಕ್ಕೆ ಹೆದರಿ ಊಟ ಬಿಡುವುದರಲ್ಲಿ ಅರ್ಥವಿಲ್ಲ.

ಹಸಿ ಚಿಪ್ಪುಮೀನು ಮಾತ್ರ ಮುಟ್ಟಲೇಬಾರದು ಅನ್ನುತ್ತಾರೆ. ಅದರಲ್ಲಿರಬಹುದಾದ ವಿಬ್ರಿಯೊ ವಲ್ನಿಫಿಕಸ್ ಅನ್ನುವ ಬ್ಯಾಕ್ಟೀರಿಯಾ ಕಬ್ಬಿಣ ತುಂಬಿದ ರಕ್ತದಲ್ಲಿ ಭಯಂಕರವಾಗಿ ಬೆಳೆಯುತ್ತದೆ. ಕಬ್ಬಿಣವನ್ನು ಬಚ್ಚಿಡುವ ಉಪಾಯ ಎಷ್ಟು ಮುಖ್ಯ ಅಂತ ಗೊತ್ತಾಗಬೇಕಾದರೆ 2009ರಲ್ಲಿ ಶಿಕಾಗೊದಲ್ಲಿ ನಡೆದದ್ದನ್ನು ನೋಡಬೇಕು. ಅಲ್ಲಿನ ವಿಶ್ವವಿದ್ಯಾಲಯದ ಒಬ್ಬ ಸಂಶೋಧಕರು ಪ್ಲೇಗ್ ಬ್ಯಾಕ್ಟೀರಿಯಾದ ದುರ್ಬಲಗೊಳಿಸಿದ ತಳಿಯ ಮೇಲೆ ಕೆಲಸ ಮಾಡುತ್ತಿದ್ದರು. ಆ ತಳಿಗೆ ಮನುಷ್ಯರ ಮೈಯಿಂದ ಕಬ್ಬಿಣ ಕಿತ್ತುಕೊಳ್ಳುವ ಶಕ್ತಿ ಇರಲಿಲ್ಲ, ಹಾಗಾಗಿ ನಿರಪಾಯ ಅಂತಲೇ ಲೆಕ್ಕ. ಅವರು ಅದೇ ಸೋಂಕಿನಿಂದ ತೀರಿಕೊಂಡರು. ಸತ್ತ ಮೇಲೆ ಪರೀಕ್ಷಿಸಿದಾಗ ಅವರಿಗೆ ಹಿಮೋಕ್ರೊಮಟೋಸಿಸ್ ಇದ್ದದ್ದು ಗೊತ್ತಾಯಿತು. ಬ್ಯಾಕ್ಟೀರಿಯಾಕ್ಕೆ ಕಿತ್ತುಕೊಳ್ಳಲು ಬರದಿದ್ದ ಕಬ್ಬಿಣ ಅವರ ರಕ್ತದಲ್ಲಿ ಧಾರಾಳವಾಗಿ ಸಿಕ್ಕಿರಬೇಕು ಅನ್ನುವುದು ತನಿಖೆ ಮಾಡಿದವರ ಊಹೆ.

ಲಿವರು ಗಟ್ಟಿಯಾಗುವ ಮೊದಲೇ, ಸಕ್ಕರೆ ಕಾಯಿಲೆ ಬರುವ ಮೊದಲೇ ರಕ್ತ ತೆಗೆಯಲು ಶುರುಮಾಡಿದವರು ಉಳಿದವರಷ್ಟೇ ಕಾಲ ಬದುಕುತ್ತಾರೆ. ತಡವಾದರೆ ಎಲ್ಲವೂ ವಾಪಸ್ ಬರುವುದಿಲ್ಲ. ಸುಸ್ತು ಹೋಗುತ್ತದೆ, ಚರ್ಮದ ಬಣ್ಣ ತಿಳಿಯಾಗುತ್ತದೆ, ಹೃದಯ ಎಷ್ಟೋ ಸುಧಾರಿಸಬಹುದು. ಲಿವರು ಪೂರ್ತಿ ಗಟ್ಟಿಯಾಗಿಬಿಟ್ಟಿದ್ದರೆ ಕಬ್ಬಿಣ ತೆಗೆದ ಮೇಲೂ ಕ್ಯಾನ್ಸರಿನ ಅಪಾಯ ಉಳಿಯುತ್ತದೆ, ವರ್ಷಕ್ಕೆರಡು ಸಲ ಸ್ಕ್ಯಾನ್ ತಪ್ಪುವುದಿಲ್ಲ. ಕೀಲುನೋವು ಅಷ್ಟಾಗಿ ಬಿಡುವುದಿಲ್ಲ. ಗೆಳೆಯನ ಫೆರಿಟಿನ್ ಈಗ 60ರ ಹತ್ತಿರ ಇದೆ. ಮಧ್ಯಾಹ್ನ ಮೂರಕ್ಕೆ ಮೇಜಿನ ಮೇಲೆ ತಲೆಯಿಡುತ್ತಿದ್ದವನು ಈಗ ಸಂಜೆ ಈಜಲು ಹೋಗುತ್ತಾನೆ. ಆದರೆ ಬಾಟಲಿಯ ಮುಚ್ಚಳ ಇವತ್ತಿಗೂ ನನ್ನ ಕೈಗೇ ಬರುತ್ತದೆ.

ಇಷ್ಟೆಲ್ಲದರಲ್ಲಿ ಅವನಿಗೆ ಅತಿ ಕಷ್ಟವಾದದ್ದು ಸೂಜಿ ಅಲ್ಲ, ಮನೆಯವರಿಗೆ ಹೇಳುವುದು. ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಪ್ರತಿ ಇದ್ದರೆ ಪ್ರತಿ ಮಗುವಿಗೂ ಎರಡು ಪ್ರತಿ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗಾಗಿ ಒಡಹುಟ್ಟಿದವರು ಪರೀಕ್ಷೆ ಮಾಡಿಸಲೇಬೇಕು ಅಂತ ಡಾಕ್ಟರು ಒತ್ತಿ ಹೇಳಿದ್ದರು. ಅವನ ಅಮ್ಮ "ನನ್ನಿಂದ ಬಂತಾ?" ಅಂತ ಅತ್ತರಂತೆ. ತಮ್ಮ "ನಂಗೇನೂ ಆಗಿಲ್ಲ, ಸುಮ್ನಿರು" ಅಂದ. ಏನೂ ಆಗದಿರುವಾಗಲೇ ನೋಡಿಸಬೇಕಾದ ಕಾಯಿಲೆ ಇದು ಅಂತ ಅವನಿಗೆ ಅರ್ಥಮಾಡಿಸಲು ಇವನು ನನ್ನ ಹತ್ತಿರ ಮಾತು ಅಭ್ಯಾಸ ಮಾಡಿಕೊಂಡು ಹೋದದ್ದೂ ಉಂಟು. ಫಲ ಸಿಕ್ಕಿಲ್ಲ. ಒಂದು ಪ್ರತಿ ಮಾತ್ರ ಇದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ ಅಂತ ತಿಳಿದ ಮೇಲೆ ತಮ್ಮ "ನಂದು ಅದೇ ಇರುತ್ತೆ ಬಿಡು" ಅಂತ ತಾನೇ ತೀರ್ಮಾನ ಮಾಡಿಕೊಂಡಿದ್ದಾನೆ. ನಾಲ್ವರಲ್ಲಿ ಇಬ್ಬರಿಗೆ ಹಾಗೇ ಇರುತ್ತದೆ ಅನ್ನುವುದು ನಿಜ. ಅವನೇ ಆ ಇಬ್ಬರಲ್ಲಿ ಒಬ್ಬ ಅಂತ ಹೇಳಿದವರು ಯಾರು?

ಅಕ್ಕ ಮಾತ್ರ ಹೇಳಿದ ವಾರವೇ ಹೋಗಿ ರಕ್ತ ಕೊಟ್ಟು ಬಂದರು. ಎರಡು ಪ್ರತಿ ಇದೆ. ವಯಸ್ಸು 46, ಫೆರಿಟಿನ್ 140, ಸ್ಯಾಚುರೇಶನ್ ಶೇ 58. ಗೆಳೆಯ ಆ ರಿಪೋರ್ಟನ್ನು ನನಗೂ ಕಳಿಸಿ "ಇವಳಿಗೂ ರಕ್ತ ತೆಗೀಬೇಕಾ?" ಅಂತ ಕೇಳಿದ. ಡಾಕ್ಟರು ಈಗ ಬೇಡ ಅಂದಿದ್ದಾರೆ. ಮುಟ್ಟು ನಿಲ್ಲುವ ಸಮಯ ಹತ್ತಿರ ಬರುತ್ತಿರುವುದರಿಂದ ವರ್ಷಕ್ಕೊಮ್ಮೆ ಫೆರಿಟಿನ್ ನೋಡುತ್ತಿರಬೇಕು, 200 ದಾಟಿದರೆ ಶುರುಮಾಡೋಣ ಅಂದಿದ್ದಾರೆ. ಅಕ್ಕ ಮುಂದಿನ ವರ್ಷದ ದಿನಾಂಕವನ್ನು ಈಗಲೇ ಬುಕ್ ಮಾಡಿಸಿದ್ದಾರೆ, ತಮ್ಮನ ಹೆಸರಿನಲ್ಲೂ ಒಂದು.